ಬೊಂಬೆಯ ಬಣ್ಣವೂ ದ್ರವ್ಯವಿವೇಕವೂ

ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು ವಸ್ತುವಿನ ಆಕಾರ, ಬಣ್ಣ ಮತ್ತು ಬೆಲೆ. ಅದು ಯಾವ ದ್ರವ್ಯದಿಂದ ಆದದ್ದು, ಆ ದ್ರವ್ಯ ಯಾವ ಕಾಡಿನಿಂದ ಇಲ್ಲವೆ ಯಾವ ಗಣಿಯಿಂದ ಬಂದದ್ದು, ಬಳಸಿ ಬಿಸುಟ ಮೇಲೆ ಅದು ಯಾವ ಮಣ್ಣನ್ನು, ಯಾರ ನೀರನ್ನು ಸೇರತಕ್ಕದ್ದು ಎಂಬ ಪ್ರಶ್ನೆಗಳು ಅಂಗಡಿಯ ಮುಂದೆ ನಿಂತಾಗ ನಮ್ಮಲ್ಲಿ ಏಳುವುದು ಅಪರೂಪ. ಮಾಡುವವನಿಗಾದರೋ ಇವುಗಳಿಂದ ಬಿಡುಗಡೆಯಿಲ್ಲ. ಹಿಂದೆ ಅವನ ಅಂತಃಕರಣವೊಂದೇ ಕೇಳುತ್ತಿದ್ದ ಈ ಪ್ರಶ್ನೆಗಳನ್ನು ಈಗ ದೇಶದೇಶಗಳ ಶಾಸನಗಳೂ ಕೇಳುತ್ತಿವೆ; ಉತ್ತರವನ್ನು ಕಾಗದದ ಮೇಲೆ, ಅಂಕಿಗಳಲ್ಲಿ, ಪ್ರಯೋಗಶಾಲೆಯ ಮುದ್ರೆಯೊಡನೆ ಕೊಡಬೇಕೆಂದು ವಿಧಿಸುತ್ತಿವೆ. ಪರಿಸರದ ಹಿತವೊಂದು, ಶಾಸನದ ಪಾಲನೆಯೊಂದು ಎಂದು ಇವೆರಡನ್ನೂ ಬೇರೆ ಬೇರೆ ಹೊರೆಗಳಾಗಿ ಎಣಿಸುವುದು ಉದ್ಯಮಗಳಲ್ಲಿ ರೂಢವಾಗಿರುವ ಅಭ್ಯಾಸ. ಆದರೆ ಇವೆರಡರ ಭವಿಷ್ಯವೂ ಬಹುಮಟ್ಟಿಗೆ ನಿಶ್ಚಯವಾಗುವುದು ಒಂದೇ ಗಳಿಗೆಯಲ್ಲಿ, ಅಂದರೆ ದ್ರವ್ಯವನ್ನು ಆರಿಸಿಕೊಳ್ಳುವ ಗಳಿಗೆಯಲ್ಲಿ. ಇದನ್ನು ತಿಳಿಯುವುದಕ್ಕೆ ಮಹಾ ಕಾರ್ಖಾನೆಗಳವರೆಗೆ ಹೋಗಬೇಕಾದದ್ದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣದ ಬೊಂಬೆಯನ್ನು ಕೈಗೆತ್ತಿಕೊಂಡರೆ ಸಾಕು. ಅದರಲ್ಲಿರುವುದು ಮೂರೇ ದ್ರವ್ಯ: ಮರ, ಅರಗು, ಬಣ್ಣ. ಅದನ್ನು ಬಳಸುವಾತನು ವಸ್ತುಗಳ ಪರಿಚಯವನ್ನು ನಾಲಿಗೆಯಿಂದಲೇ ಮಾಡಿಕೊಳ್ಳುವ ಶಿಶು.

ಟಿಪ್ಪುವಿನ ಕಾಲದಲ್ಲಿ ಪರ್ಷಿಯದ ಕುಶಲಕರ್ಮಿಗಳು ಬಂದು ಈ ವಿದ್ಯೆಯನ್ನು ಕಲಿಸಿದರೆಂಬುದು ಪ್ರತೀತಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಪದ್ಧತಿಗಳನ್ನು ತಂದು ಇದನ್ನು ಬೆಳೆಸಿದರೆಂದು ಊರಿನವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಚರಿತ್ರೆ ಹೇಗೇ ಇರಲಿ, ಆ ಹಿರಿಯರು ಮಾಡಿದ ದ್ರವ್ಯದ ಆಯ್ಕೆ ಮಾತ್ರ ಬೆರಗುಗೊಳಿಸುವಂಥದು. ಅವರು ಹಿಡಿದದ್ದು ಹಾಲೆ ಮರವನ್ನು. ಚನ್ನಪಟ್ಟಣದವರ ಬಾಯಲ್ಲಿ ಅದು ಆಲೆ ಮರ. ಕುರುಚಲು ಕಾಡಿನಲ್ಲಿಯೂ ಹೊಲದ ಬದುಗಳಲ್ಲಿಯೂ ತಾನಾಗಿ ಬೆಳೆಯುವ, ಅಷ್ಟೇನೂ ಎತ್ತರಕ್ಕೆ ಹೋಗದ, ಕಡಿದರೆ ಬುಡದಿಂದ ಮತ್ತೆ ಚಿಗುರುವ ಸಾಧಾರಣ ಮರವದು. ಅದರ ಒಳಮೈ ದಂತದಂತೆ ಬಿಳುಪು, ಎಳೆ ಬಹು ನಯ, ಭಾರ ಕಡಿಮೆ, ಉಳಿಗೆ ಮೃದುವಾಗಿ ಬಗ್ಗುತ್ತದೆ, ಸಿಬಿರೇಳುವುದು ವಿರಳ. ತೇಗ ಬೀಟೆಗಳಂಥ ಶತಾಯುಷಿ ವೃಕ್ಷಗಳ ಗೋಜಿಗೆ ಹೋಗದೆ, ಕೆಲವೇ ವರ್ಷಗಳಲ್ಲಿ ಮರಳಿ ಬೆಳೆಯುವ ಮರವೊಂದನ್ನು ಮಕ್ಕಳ ಆಟದ ಸಾಮಾನಿಗೆ ಗೊತ್ತುಮಾಡಿದ್ದು, ಸುಸ್ಥಿರತೆಯೆಂಬ ಮಾತು ಹುಟ್ಟುವ ಎಷ್ಟೋ ಮುಂಚೆ ಆಚರಣೆಯಲ್ಲಿದ್ದ ವಿವೇಕ.

ಎರಡನೆಯ ದ್ರವ್ಯವಾದ ಅರಗಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಮುತ್ತುಗ, ಎಲಚಿ, ಸಾಗಡೆ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಕೋಟ್ಯನುಕೋಟಿ ಸಣ್ಣ ಹುಳುಗಳು ನೆಲಸಿ, ರಸವನ್ನು ಹೀರಿ, ತಮ್ಮ ಮೈಯ ಸುತ್ತ ಒಂದು ರಾಳವನ್ನು ಸ್ರವಿಸಿಕೊಳ್ಳುತ್ತವೆ. ಅದೇ ಅರಗು. ಜಾರ್ಖಂಡ, ಛತ್ತೀಸಗಢಗಳ ಕಾಡಂಚಿನ ರೈತರು ಆ ಕೊಂಬೆಗಳನ್ನು ಕತ್ತರಿಸಿ, ತೊಗಟೆಗಂಟಿದ ರಾಳವನ್ನು ಕೆರೆದು ತೆಗೆಯುತ್ತಾರೆ. ಅದನ್ನು ಕುಟ್ಟಿ, ತೊಳೆದು, ಅದರೊಳಗಿನ ಸಹಜವಾದ ಕೆಂಪನ್ನು ಕಳೆದು, ಕಾಯಿಸಿ ಸೋಸಿದರೆ ನಮ್ಮ ಕುಶಲಕರ್ಮಿಯ ಕೈಗೆ ಬರುವ ಶುದ್ಧ ಅರಗು ದೊರೆಯುತ್ತದೆ. ಬೆಳೆ ಬರಬೇಕಾದರೆ ಮರ ಜೀವಂತವಾಗಿ ನಿಂತಿರಬೇಕು. ಆದಕಾರಣ ಅರಗಿಗೆ ಬೆಲೆಯಿರುವ ಊರುಗಳಲ್ಲಿ ಮುತ್ತುಗದ ಮರವನ್ನು ಸೌದೆಗೆಂದು ಕಡಿಯಲು ರೈತನಿಗೆ ಮನಸ್ಸು ಬಾರದು. ಈ ಬೆಳೆಯ ಮಹತ್ತ್ವವನ್ನು ಬಲ್ಲವರು 1924ರಷ್ಟು ಹಿಂದೆಯೇ ರಾಂಚಿಯ ಬಳಿಯ ನಾಮ್ಕುಮಿನಲ್ಲಿ ಅದಕ್ಕೆಂದೇ ಒಂದು ಸಂಶೋಧನಾಲಯವನ್ನು ಸ್ಥಾಪಿಸಿದರು. ಅಂದಿನ ಗ್ರಾಮಫೋನ್ ತಟ್ಟೆಗಳು ಸಹ ಈ ಅರಗಿನಿಂದಲೇ ಆಗುತ್ತಿದ್ದುವು. ವಿನೈಲ್ ಎಂಬ ಕೃತಕ ದ್ರವ್ಯ ಬಂದು ಆ ಮಾರುಕಟ್ಟೆಯನ್ನು ಮುಚ್ಚಿತು.

ಮರಕ್ಕೂ ಅರಗಿಗೂ ಆಗುವ ಮಿಲನವನ್ನು ಹತ್ತಿರ ನಿಂತು ನೋಡತಕ್ಕದ್ದು. ಮೊದಲು ಅರಗನ್ನು ಕೆಂಡದ ಮೇಲೆ ಮೆತ್ತಗಾಗಿಸಿ, ಬಣ್ಣದ ಪುಡಿಯನ್ನು ಸೇರಿಸಿ, ಎಳೆದು ಮಡಿಸಿ ಮತ್ತೆ ಎಳೆದು, ಬಣ್ಣ ಒಂದೇ ಸಮನಾಗುವವರೆಗೆ ನಾದಿ ಕಡ್ಡಿಗಳಾಗಿ ಮಾಡುತ್ತಾರೆ. ತಿಂಗಳುಗಟ್ಟಲೆ ಒಣಗಿಸಿದ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿಯಿಂದ ರೂಪ ಬಿಡಿಸಿ, ತಿರುಗುತ್ತಿರುವಾಗಲೇ ಆ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ಉಜ್ಜುವಿಕೆಯಿಂದ ಹುಟ್ಟಿದ ಶಾಖಕ್ಕೇ ಅರಗು ಕರಗಿ ಮರದ ಮೇಲೆ ತೆಳ್ಳನೆಯ ಪದರವಾಗಿ ಹರಡುತ್ತದೆ. ಬಳಿಕ ತಾಳೆಗರಿಯ ಒಂದು ತುಂಡನ್ನು ಮಡಿಸಿ ಅದೇ ಮೈಮೇಲೆ ಒತ್ತಿದ ಕೂಡಲೆ, ಅಲ್ಲಲ್ಲಿ ತೊದಲಿದಂತಿದ್ದ ಬಣ್ಣ ಸಮವಾಗಿ ಕನ್ನಡಿಯ ಹೊಳಪು ಬರುತ್ತದೆ. ಇಲ್ಲಿ ಕುಂಚವಿಲ್ಲ, ತೆಳುಗೊಳಿಸುವ ಟರ್ಪೆಂಟೈನ್ ಇಲ್ಲ, ಒಣಗುವಾಗ ಗಾಳಿಗೇರುವ ಘಾಟು ಆವಿಯಿಲ್ಲ. ಹೊಸ ಕಾಲದ ಕೃತಕ ವಾರ್ನಿಷುಗಳ ಬಗ್ಗೆ ಕಾರ್ಖಾನೆಗಳ ಆರೋಗ್ಯಾಧಿಕಾರಿಗಳು ಎತ್ತುವ ಮುಖ್ಯ ಆಕ್ಷೇಪಣೆಗೆ ಈ ಕ್ರಮದಲ್ಲಿ ಎಡೆಯೇ ಇಲ್ಲ. ಅರಗಿಗೂ ಮಿತಿಗಳುಂಟು: ಹೆಚ್ಚು ಬಿಸಿಗೆ ಮೆತ್ತಗಾಗುತ್ತದೆ, ನೀರಿನಲ್ಲಿ ಬಹಳ ಹೊತ್ತು ಇದ್ದರೆ ಮಂಕಾಗುತ್ತದೆ, ಮದ್ಯಸಾರದಲ್ಲಿ ಕರಗಿಹೋಗುತ್ತದೆ. ಮನೆಯೊಳಗಿನ ಆಟದ ಸಾಮಾನಿಗೆ ಇವು ದೊಡ್ಡ ದೋಷಗಳಲ್ಲ. ತೋಟದಲ್ಲಿ ಬಿಸಿಲು ಮಳೆಗೆ ಬಿಡುವ ವಸ್ತುವಿಗೆ ಈ ದ್ರವ್ಯ ತಕ್ಕದ್ದಲ್ಲವೆಂದು ಒಪ್ಪಬೇಕು.

ಕಷ್ಟವೆಲ್ಲ ಬಂದದ್ದು ಮೂರನೆಯ ದ್ರವ್ಯದಿಂದ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ, ಕೆಂಪಿಗೆ ಮಂಜಿಷ್ಠ, ಕಂದಿಗೆ ಕಾಚು, ಕಿತ್ತಳೆಗೆ ಕುಂಕುಮದ ಮರದ ಕಾಯಿಯ ಪುಡಿ ಹೀಗೆ ಸಸ್ಯಜನ್ಯವಾದ ವರ್ಣಗಳನ್ನು ಅರಗಿಗೆ ಸೇರಿಸಬಹುದು. ಆದರೆ ಅವುಗಳ ಹೊಳಪು ಸೌಮ್ಯ, ಕೆಲವು ಬಿಸಿಲಿಗೆ ಮಾಸುತ್ತವೆ, ಒಂದು ಸಲದ ಬಣ್ಣ ಮತ್ತೊಂದು ಸಲಕ್ಕೆ ಹೊಂದುವುದೂ ಕಷ್ಟ. ಪೇಟೆಯಲ್ಲಿ ಅಗ್ಗವಾಗಿ ಸಿಕ್ಕುವ ರಾಸಾಯನಿಕ ವರ್ಣಗಳು ಚುರುಕಾಗಿ ಮೆರೆಯುತ್ತವೆ, ಚಿಟಿಕೆಯಷ್ಟರಿಂದಲೇ ಮೈ ಮುಚ್ಚುತ್ತವೆ. ಅಂಥ ಚುರುಕಾದ ಹಳದಿಗಳಲ್ಲಿ ಲೋಕಪ್ರಸಿದ್ಧವಾದದ್ದು ಸೀಸದ ಕ್ರೋಮೇಟು. ಸೀಸವು ದೇಹದೊಳಗೆ ಸುಣ್ಣದ ಧಾತುವಿನ ವೇಷದಲ್ಲಿ ಸಂಚರಿಸಿ ಮೂಳೆಗಳಲ್ಲಿ ನೆಲಸತಕ್ಕ ವಿಷ. ನುಂಗಿದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಾಲು ಅಧಿಕವಾಗಿ ಎಳೆಯ ಮಕ್ಕಳ ಒಡಲು ಹೀರಿಕೊಳ್ಳುತ್ತದೆ. ಇಷ್ಟರವರೆಗೆ ಬಾಧಕವಿಲ್ಲವೆಂದು ಹೇಳತಕ್ಕ ಪ್ರಮಾಣವೇ ಅದಕ್ಕೆ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಜೀವರಸಾಯನವನ್ನು ಬೋಧಿಸುತ್ತಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಒಂದು ಲೋಹದ ವಿಷಯವಾಗಿ ದಶಕಗಳ ಕಾಲ ದೇಶವನ್ನು ಎಚ್ಚರಿಸುತ್ತ ಬಂದದ್ದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು. 2000ದಲ್ಲಿ ಭಾರತದ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಲಾಯಿತು. ಗೃಹೋಪಯೋಗಿ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಿ ಸೀಸವಿರಕೂಡದೆಂಬ ನಿಯಮ 2016ರಲ್ಲಿ ಹುಟ್ಟಿ, 2017ರ ನವೆಂಬರಿನಿಂದ ಜಾರಿಗೆ ಬಂತು.

ಈ ನಿಯಮಗಳ ಹಿಂದೆ ಮಕ್ಕಳ ಸಂಕಟದ ಚರಿತ್ರೆಯಿದೆ. 2007ರ ಜೂನ್ ತಿಂಗಳಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಥಾಮಸ್ ಎಂಬ ರೈಲು ಬಂಡಿಯ ಹೆಸರಿನ ಸುಮಾರು 15 ಲಕ್ಷ ಮರದ ಆಟಿಕೆಗಳನ್ನು ಹಿಂದಕ್ಕೆ ಕರೆಯಿಸಬೇಕಾಯಿತು. ಮರದಲ್ಲಿ ಲೇಶವೂ ದೋಷವಿರಲಿಲ್ಲ. ಚೀನಾದಲ್ಲಿ ಬಳಿದ ಮೇಲ್ಪದರದ ಬಣ್ಣದಲ್ಲಿ ಸೀಸವಿತ್ತು. ಅದೇ ವರ್ಷ ಇಂಥ ಪ್ರಕರಣಗಳು ಒಂದರ ಮೇಲೊಂದು ಬಂದು, 2008ರಲ್ಲಿ ಅಲ್ಲಿನ ಶಾಸನಸಭೆ ಮಕ್ಕಳ ವಸ್ತುಗಳ ಸುರಕ್ಷತೆಗಾಗಿ ಕಠಿಣವಾದ ಕಾನೂನೊಂದನ್ನು ಮಾಡಿತು. ಬಣ್ಣದ ಪದರದಲ್ಲಿ ಅದುವರೆಗೆ ಹತ್ತು ಲಕ್ಷಕ್ಕೆ 600 ಭಾಗದವರೆಗೆ ಸಹಿಸಲಾಗುತ್ತಿದ್ದ ಸೀಸದ ಮಿತಿ 2009ರಿಂದ 90ಕ್ಕೆ ಇಳಿಯಿತು. ತಯಾರಕನ ಮಾತೊಂದೇ ಸಾಲದೆ, ಮೂರನೆಯವರ ಪ್ರಯೋಗಶಾಲೆಯ ಸಾಕ್ಷ್ಯವೂ ಬೇಕಾಯಿತು. ಆ ಕಾನೂನಿನಲ್ಲಿ ಬಹು ವಿವೇಚನೆಯ ಒಂದು ಅಂಶ ಉಂಟು. ಯಾವ ಲೇಪವೂ ಇಲ್ಲದ, ಯಾವ ಔಷಧವನ್ನೂ ಕುಡಿಯದ ಶುದ್ಧ ಮರವನ್ನು ಸೀಸದ ಪರೀಕ್ಷೆಯಿಂದ ಬಿಡಲಾಗಿದೆ, ಏಕೆಂದರೆ ಅದರಲ್ಲಿ ಸೀಸ ಮಿತಿಮೀರಿ ಇರುವ ಸಂಭವವಿಲ್ಲ. ದ್ರವ್ಯವನ್ನು ಶುದ್ಧವಾಗಿ ಆರಿಸಿಕೊಂಡವನಿಗೆ ಶಾಸನದ ಹೊರೆಯೂ ಹಗುರವಾಗುತ್ತದೆ ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿ ಅಂಗೀಕೃತವಾಗಿದೆ.

ಯೂರೋಪಿನವರ ಕ್ರಮ ಇನ್ನೊಂದು ಬಗೆ. ಆಟಿಕೆಯಲ್ಲಿ ಏನಿದೆ ಎನ್ನುವುದರ ಜೊತೆಗೆ, ಅದರಿಂದ ಮಗುವಿನ ಹೊಟ್ಟೆಗೆ ಏನು ಇಳಿದೀತು ಎಂಬುದನ್ನು ಅವರು ಅಳೆಯುತ್ತಾರೆ. ಬೊಂಬೆಯ ಮೇಲಿನ ಪದರವನ್ನು ಕೆರೆದು ಪುಡಿಮಾಡಿ, ಜಠರರಸವನ್ನು ಹೋಲುವ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ, ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ಒಂದು ಗಂಟೆ ಕುಲುಕಿ, ಇನ್ನೊಂದು ಗಂಟೆ ಸುಮ್ಮನಿರಿಸಿ, ಆ ಬಳಿಕ ದ್ರವದೊಳಗೆ ಬಿಟ್ಟುಕೊಂಡ ಧಾತುಗಳನ್ನು ಲೆಕ್ಕ ಹಾಕುತ್ತಾರೆ. 2009ರ ಅವರ ಆಟಿಕೆ ನಿರ್ದೇಶದಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ ಮುಂತಾಗಿ 19 ಪದಾರ್ಥಗಳಿಗೆ ಮಿತಿ ಗೊತ್ತಾಗಿದೆ. ಕೆರೆದು ತೆಗೆದ ಪದರದಿಂದ ಬಿಟ್ಟುಕೊಳ್ಳಬಹುದಾದ ಸೀಸವು ಕಿಲೋಗ್ರಾಮಿಗೆ 160 ಮಿಲಿಗ್ರಾಂ ಎಂದಿದ್ದದ್ದು 2018ರ ಅಕ್ಟೋಬರಿನಿಂದ 23ಕ್ಕೆ ಇಳಿದಿದೆ. ವಿಜ್ಞಾನದ ತಿಳಿವು ಬೆಳೆದಂತೆ ಮಿತಿ ಕೆಳಕ್ಕೇ ಇಳಿಯುತ್ತಿರುವುದನ್ನು ವಾಚಕರು ಲಕ್ಷಿಸಬೇಕು. ಇಂದಿನ ಮಿತಿಯ ಅಂಚಿನಲ್ಲಿ ನಿಂತ ದ್ರವ್ಯವನ್ನು ಆರಿಸಿಕೊಂಡಾತನು ನಾಳೆ ಅದನ್ನು ಬದಲಾಯಿಸಬೇಕಾಗುತ್ತದೆ. ಮೂಲದಲ್ಲಿಯೇ ವಿಷವಿಲ್ಲದ್ದನ್ನು ಆರಿಸಿಕೊಂಡವನಿಗೆ ಆ ಭಯವಿಲ್ಲ.

ಇಲ್ಲಿ ಒಂದು ಭ್ರಾಂತಿಯನ್ನು ಪರಿಹರಿಸುವುದು ಅವಶ್ಯಕ. ನಿಸರ್ಗದಿಂದ ಬಂದದ್ದೆಲ್ಲವೂ ನಿರಪಾಯವೆಂಬ ನಂಬಿಕೆ ಈಚೆಗೆ ಬಲವಾಗಿ ಹಬ್ಬಿದೆ, ಮಾರಾಟಗಾರರು ಅದನ್ನು ಪೋಷಿಸುತ್ತಲೂ ಇದ್ದಾರೆ. ನಮ್ಮ ಹಿಂದಿನವರು ಅರಗಿಗೆ ಹಳದಿಯನ್ನು ತರಲು ಬಳಸುತ್ತಿದ್ದ ಹರಿದಾಳ ಭೂಮಿಯಿಂದ ಅಗೆದು ತೆಗೆದದ್ದೇ. ಅದು ಆರ್ಸೆನಿಕ್ಕಿನ ಸಂಯುಕ್ತ. ಇಂಗುಲಿಕವೂ ಗಣಿಯದೇ, ಅದರಲ್ಲಿ ಪಾದರಸವಿದೆ. ಸಿಂಧೂರವೋ ಸೀಸದ ಆಕ್ಸೈಡು. ಪುರಾತನ ಎಂಬ ಕಾರಣಕ್ಕೆ ಇವುಗಳನ್ನು ಮಗುವಿನ ಕೈಗೆ ಕೊಡಲಾಗದು. ಸಸ್ಯಮೂಲದ ಬಣ್ಣವೂ ಅದು ಬೆಳೆದ ಮಣ್ಣಿನಿಂದ, ಅದಕ್ಕೆ ಬೆರೆಸಿದ ಸ್ಫಟಿಕವೇ ಮೊದಲಾದ ಬಣ್ಣಗಚ್ಚುಗಳಿಂದ ಲೋಹಗಳನ್ನು ಹೊತ್ತು ತರಬಹುದು. ಪುಡಿಯ ವ್ಯಾಪಾರದಲ್ಲಿ ಕಲಬೆರಕೆಯೂ ಅಪೂರ್ವವಲ್ಲ, ಅರಿಶಿನಕ್ಕೆ ಸೀಸದ ಕ್ರೋಮೇಟನ್ನೇ ಬೆರೆಸಿದ ಪ್ರಸಂಗಗಳು ದಕ್ಷಿಣ ಏಷ್ಯದಲ್ಲಿ ಬೆಳಕಿಗೆ ಬಂದಿವೆ. ಸಸ್ಯವರ್ಣಗಳತ್ತ ಮರಳುತ್ತಿರುವ ಚನ್ನಪಟ್ಟಣದ ಹಲವು ಕುಶಲಕರ್ಮಿಗಳ ಮತ್ತು ಅವರಿಗೆ ಬೆಂಬಲವಾಗಿ ನಿಂತ ಸಂಸ್ಥೆಗಳ ಪ್ರಯತ್ನ ಮನಸಾರೆ ಮೆಚ್ಚತಕ್ಕದ್ದು. ಮೆಚ್ಚಿಕೆಯ ಜೊತೆಗೆ ಪರೀಕ್ಷೆಯೂ ಇರಬೇಕೆಂದಷ್ಟೇ ನನ್ನ ಅರಿಕೆ.

ಮರದ ವಿಷಯದಲ್ಲಿಯೂ ಸಮಸ್ಯೆ ಸರಳವಾಗಿಲ್ಲ. ಹಾಲೆ ಮರ ಬೇಗ ಬೆಳೆಯುವುದಾದರೂ, ಕಡಿದಷ್ಟನ್ನು ನೆಡುವ ವ್ಯವಸ್ಥೆಯಿಲ್ಲದೆ ಅದು ಹತ್ತಿರದಲ್ಲಿ ದೊರೆಯುವುದು ಕಷ್ಟವಾಗಿ, ರಬ್ಬರ್ ಮರವೇ ಮೊದಲಾದ ಬದಲಿಗಳು ಬಂದಿವೆ. ಹಾಲು ಬತ್ತಿ, ಹೇಗೂ ಕಡಿಯಲೇಬೇಕಾದ ಹಳೆಯ ರಬ್ಬರ್ ಮರವನ್ನು ಬಳಸುವುದು ಪರಿಸರದೃಷ್ಟಿಯಿಂದ ಒಳ್ಳೆಯದೇ. ಆದರೆ ಆ ಮರದಲ್ಲಿ ಪಿಷ್ಟ ಅಧಿಕ. ಕಡಿದ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಕುಟ್ಟೆ ಹುಳು ಹೊಗುತ್ತದೆ. ಆದುದರಿಂದ ಅದಕ್ಕೆ ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಎಂಬ ಬಿಳಿಗಾರದ ದ್ರಾವಣವನ್ನು ಕುಡಿಸುತ್ತಾರೆ. ಯೂರೋಪಿನ ಆ 19ರ ಪಟ್ಟಿಯಲ್ಲಿ ಬೋರಾನೂ ಒಂದು. ಅದರ ಮಿತಿ ಸೀಸದಷ್ಟು ಕಠಿಣವಲ್ಲ, ಕ್ರಮವರಿತು ಮಾಡಿದರೆ ತೊಂದರೆಯಿಲ್ಲ. ಆದರೆ ಮರವನ್ನು ಬದಲಾಯಿಸಿದವನು ಅರಿಯದೆಯೇ ರಸಾಯನವೊಂದನ್ನೂ ಆರಿಸಿಕೊಂಡನೆಂಬುದು ಮನಸ್ಸಿನಲ್ಲಿರಬೇಕು. ಹಿಂದೆ ಇದೇ ಕೆಲಸಕ್ಕೆ ಅನೇಕ ದೇಶಗಳಲ್ಲಿ ಬಳಸುತ್ತಿದ್ದ ಪೆಂಟಾಕ್ಲೋರೋಫೀನಾಲ್ ಎಂಬ ಔಷಧ ಮಣ್ಣಿನಲ್ಲಿಯೂ ಜೀವಿಗಳ ಮೈಯಲ್ಲಿಯೂ ಕರಗದೆ ಉಳಿಯುವುದೆಂದು ಕಂಡು, 2015ರಲ್ಲಿ ಅದನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷಿದ್ಧ ಪದಾರ್ಥಗಳ ಪಟ್ಟಿಗೆ ಸೇರಿಸಿದರು. ಬೊಂಬೆ ಮಾತ್ರವಲ್ಲ, ಅದನ್ನು ಹಡಗಿಗೇರಿಸುವ ಮರದ ಪೆಟ್ಟಿಗೆಯೂ ಶಾಸನದ ದೃಷ್ಟಿಗೆ ಒಳಪಟ್ಟಿದೆ: ಕೀಟಗಳು ದೇಶಾಂತರ ಹೋಗದಂತೆ, ಹಲಗೆಯ ತಿರುಳು ಕೂಡ 56 ಡಿಗ್ರಿಯಷ್ಟು ಶಾಖದಲ್ಲಿ 30 ನಿಮಿಷ ಇರುವಂತೆ ಕಾಯಿಸಿ ಮುದ್ರೆಯೊತ್ತಬೇಕು. ಮೀಥೈಲ್ ಬ್ರೋಮೈಡ್ ಅನಿಲದ ಹೊಗೆ ಹಾಕುವ ಇನ್ನೊಂದು ವಿಧಾನವೂ ಇದೆ. ಅದು ಓಜೋನ್ ಪದರಕ್ಕೆ ಹಾನಿಯೆಂದು ತಿಳಿದಿರುವಾಗ, ಶಾಖದ ವಿಧಾನವನ್ನೇ ಹಿಡಿಯುವುದು ಯೋಗ್ಯ.

ದ್ರವ್ಯಕ್ಕೆ ಬಂದ ನಿಷೇಧ ಒಂದು ಕಲೆಯನ್ನು ಹೇಗೆ ಅಲುಗಿಸಬಲ್ಲುದೆಂಬುದಕ್ಕೆ ಅದೇ ಹೆದ್ದಾರಿಯ ಕೊನೆಯಲ್ಲಿ, ಮೈಸೂರಿನಲ್ಲಿ, ನಿದರ್ಶನವಿದೆ. ಅಲ್ಲಿಯ ಕೆತ್ತುಗೂಡಿನ ಕೆಲಸ ಬೀಟೆಯ ಕಪ್ಪಿನಲ್ಲಿ ದಂತದ ಬಿಳುಪನ್ನು ಕೂಡಿಸಿ ಕೀರ್ತಿ ಪಡೆದದ್ದು. ವನ್ಯಜೀವಿ ಸಂರಕ್ಷಣೆಯ ಕಾನೂನಿಗೆ 1986ರಲ್ಲಿ ಮತ್ತು 1991ರಲ್ಲಿ ಆದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ಆನೆ ಉಳಿಯಬೇಕಾದರೆ ಅದು ನಿಲ್ಲಲೇಬೇಕಾಗಿತ್ತು. ದಂತದ ಜಾಗಕ್ಕೆ ಪ್ಲಾಸ್ಟಿಕ್ಕೂ ಬಿಳಿಯ ಮರಗಳೂ ಬಂದುವು. 2017ರ ಜನವರಿಯಿಂದ ಬೀಟೆಯೂ ಶೀಶಮ್ಮೂ ಸೇರಿದ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟು, ರಫ್ತಿಗೆ ಪ್ರತ್ಯೇಕ ದಾಖಲೆ ಬೇಕಾಯಿತು. ಸಣ್ಣ ಸಾಮಾನುಗಳ ತಯಾರಕರಿಗೆ ಕೆಲವು ರಿಯಾಯಿತಿಗಳು ದೊರೆತದ್ದು ಅನಂತರದ ವರ್ಷಗಳಲ್ಲಿ. ಅಪರೂಪದ ದ್ರವ್ಯವನ್ನೇ ಆಧಾರವಾಗಿ ಹಿಡಿದ ಕಲೆಗೆ ಇಂಥ ಆಘಾತ ತಪ್ಪದು. ಹಾಲೆ ಮರವನ್ನು ಹಿಡಿದವರಿಗೆ ಅದು ಒದಗಲಿಲ್ಲ.

ನಮ್ಮ ದೇಶದ ಆಟಿಕೆಗಳ ಶಾಸನಕ್ಕೆ ಬರೋಣ. ಭಾರತೀಯ ಗುಣಮಟ್ಟ ಮಂಡಳಿ 2019ರಲ್ಲಿ ಪರೀಕ್ಷೆಗೆ ಒಳಪಡಿಸಿದ ಆಮದು ಆಟಿಕೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಉತ್ತೀರ್ಣವಾಗಲಿಲ್ಲ. ಅದರ ಮರುವರ್ಷ ಕೇಂದ್ರ ಸರ್ಕಾರ ಆಟಿಕೆಗಳ ಗುಣನಿಯಂತ್ರಣ ಆಜ್ಞೆಯನ್ನು ಹೊರಡಿಸಿ, 2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆಯ ಮಾರಾಟವನ್ನು ನಿಷೇಧಿಸಿತು. ಈ ಕಟ್ಟಳೆಯಂತೆ ಪ್ರತಿ ತಯಾರಕನೂ ಪರವಾನಗಿ ಪಡೆದು ಪರೀಕ್ಷೆಯ ಏರ್ಪಾಡನ್ನು ಇಟ್ಟುಕೊಳ್ಳಬೇಕು. ಮನೆಯ ಜಗುಲಿಯಲ್ಲಿ ಒಂದು ಲೇತನ್ನು ಇಟ್ಟುಕೊಂಡು ದುಡಿಯುವವನಿಗೆ ಇದು ಅಸಾಧ್ಯ. ಆದಕಾರಣ 2020ರ ಡಿಸೆಂಬರಿನ ತಿದ್ದುಪಡಿಯಲ್ಲಿ, ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಸೂಚಿ ಪಡೆದ ಆಟಿಕೆಗಳ ಅಧಿಕೃತ ತಯಾರಕರಿಗೂ ವಿನಾಯಿತಿ ಕೊಡಲಾಯಿತು. ಚನ್ನಪಟ್ಟಣಕ್ಕೆ ಇದರಿಂದ ಉಸಿರು ಬಂತು.

ವಿನಾಯಿತಿಯನ್ನು ಕೊಟ್ಟದ್ದು ನ್ಯಾಯವೇ. ಅಲ್ಲಿಗೇ ನಿಲ್ಲಿಸಿದ್ದು ಸಾಲದು. ವಿನಾಯಿತಿಯಿಂದ ಸೀಸ ಕಡಮೆಯಾಗುವುದಿಲ್ಲ. ಕುಶಲಕರ್ಮಿಗೆ ಕಾನೂನಿನ ಭಯ ತಪ್ಪಿತಾದರೂ, ತಾನು ಸಂತೆಯಿಂದ ತಂದ ಬಣ್ಣದ ಪೊಟ್ಟಣದಲ್ಲಿ ಏನಿದೆಯೆಂಬುದು ಅವನಿಗೆ ಮೊದಲಿನಂತೆಯೇ ಅಗೋಚರವಾಗಿ ಉಳಿಯಿತು. ಆ ಬಣ್ಣದ ಧೂಳನ್ನು ದಿನವಿಡೀ ಉಸಿರಾಡುವವನು ಅವನೇ, ಆ ಜಗುಲಿಯಲ್ಲಿ ಆಡುವವು ಅವನ ಮಕ್ಕಳೇ. ಹೊರದೇಶಕ್ಕೆ ಕಳಿಸುವವನಿಗಂತೂ ನಮ್ಮ ವಿನಾಯಿತಿ ಬಂದರಿನಾಚೆ ನಡೆಯದು.

ಉಪಾಯವಿದೆ. ಸಾವಿರ ಬಗೆಯ ಬೊಂಬೆಗಳಿದ್ದರೂ ಅವುಗಳ ಮೈಮೇಲಿರುವ ಬಣ್ಣದ ಅರಗು ಹತ್ತು ಹದಿನೈದು ಬಗೆಯದು. ಪ್ರತಿಯೊಂದು ಬೊಂಬೆಯನ್ನು ಪರೀಕ್ಷಿಸುವ ಬದಲು, ಊರಿಗೆಲ್ಲ ಒಂದೇ ಕಡೆ ಅರಗನ್ನೂ ಬಣ್ಣವನ್ನೂ ಕೊಂಡು, ಒಂದೇ ಕಡೆ ನಾದಿ, ಪ್ರತಿ ಪಾಕದ ಮಾದರಿಯನ್ನು ಪ್ರಯೋಗಶಾಲೆಗೆ ಕಳಿಸಿ, ಶುದ್ಧವೆಂದು ಕಂಡ ಕಡ್ಡಿಗಳನ್ನು ಸಂಖ್ಯೆಯೊಡನೆ ಕುಶಲಕರ್ಮಿಗಳಿಗೆ ಹಂಚಿದರೆ, ನೂರಾರು ಕುಟುಂಬಗಳ ಭಾರ ಒಂದು ಪರೀಕ್ಷೆಯಲ್ಲಿ ಮುಗಿಯುತ್ತದೆ. ಪೂರ್ಣ ವಸ್ತುವಿನ ಬದಲು ಅದರ ಘಟಕದ್ರವ್ಯವನ್ನು ಪರೀಕ್ಷಿಸಿದರೆ ಸಾಕೆಂಬ ನಿಯಮವನ್ನು ಅಮೆರಿಕದವರು 2011ರಲ್ಲಿಯೇ ಮಾಡಿಕೊಂಡಿದ್ದಾರೆ. ಆದ್ದರಿಂದ ಇದು ಕಲ್ಪನೆಯ ಮಾತಲ್ಲ. ಊರಿನಲ್ಲಿ ಸರ್ಕಾರಿ ನಿಗಮದ ಅರಗು ಕುಶಲ ಕೇಂದ್ರವೊಂದು ಆಗಲೇ ಇದೆ. ಅದಕ್ಕೆ ಈ ಕೆಲಸವನ್ನು ವಹಿಸಿ, ಬೇಕಾದ ಹಣವನ್ನು ಒದಗಿಸಬೇಕು. ಇದರ ಜೊತೆಗೆ, ಸುತ್ತಣ ಗೋಮಾಳಗಳಲ್ಲಿಯೂ ರೈತರ ಬದುಗಳಲ್ಲಿಯೂ ಹಾಲೆಯನ್ನು ನೆಡಿಸಿ, ಯಾವ ಸರ್ವೆ ನಂಬರಿನ ಮರ ಯಾವ ಲೇತಿಗೆ ಹೋಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯಾದರೆ, ಮರದ ಮೂಲವನ್ನು ಕೇಳುವ ಯಾವ ದೇಶದ ಅಧಿಕಾರಿಗೂ ಉತ್ತರ ಸಿದ್ಧವಾಗಿರುತ್ತದೆ.

ಕೊಳ್ಳುವವರಾದ ನಾವೂ ಸುಮ್ಮನಿರಬೇಕಾದದ್ದಿಲ್ಲ. ಮುಂದಿನ ಸಲ ಹೆದ್ದಾರಿಯ ಬದಿಯಲ್ಲಿ ಬಂಡಿ ನಿಲ್ಲಿಸಿ ಮಗುವಿಗೆಂದು ಬುಗುರಿಯನ್ನೋ ಗಿಲಕಿಯನ್ನೋ ಎತ್ತಿಕೊಂಡಾಗ, ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಕೇಳಿರಿ: ಇದರ ಬಣ್ಣ ಯಾವುದು, ಅರಗೋ ಪೇಂಟೋ, ಪರೀಕ್ಷೆ ಆಗಿದೆಯೋ? ಉತ್ತರ ಹೇಳಬಲ್ಲ ಅಂಗಡಿಯವನಿಗೆ ಹತ್ತು ರೂಪಾಯಿ ಹೆಚ್ಚಾದರೂ ಕೊಟ್ಟು ಕೊಳ್ಳಿರಿ.